ಒಂಬತ್ತನೆಯ ಕಾಲಮಿನ ರೈತ

ಹೊರನಾಡಿನಲ್ಲಿ ನೆಲಸಿದ ಕನ್ನಡಿಗರು ನಾಲ್ವರು ಒಂದೆಡೆ ಕೂಡಿದರೆ, ಮಾತು ಎಲ್ಲೆಲ್ಲಿ ಸುತ್ತಿದರೂ ಕೊನೆಗೆ ಊರಿನ ಜಮೀನಿಗೆ ಬಂದು ನಿಲ್ಲುವುದು ವಾಡಿಕೆ. ಮಳೆ ಬಿತ್ತೋ ಇಲ್ಲವೋ, ಜೋಳ ಹೇಗಿದೆ, ಅಡಕೆಗೆ ಕೊಳೆರೋಗ ಬಂತಂತೆ, ತಮ್ಮ ಮತ್ತೊಂದು ಬೋರು ಹಾಕಿಸಿದನಂತೆ — ಇವೇ ಮಾತುಗಳು. ೨೦೧೯ರಿಂದ ಈಚೆಗೆ ಇವುಗಳ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: “ನಿಮ್ಮ ಕಡೆಯವರಿಗೆ ಎರಡು ಸಾವಿರ ಬಂತೇ?” ಬಂತು ಎನ್ನುವವರು ಅಲ್ಲಿಗೇ ಸುಮ್ಮನಾಗುತ್ತಾರೆ. ಬಂದಿಲ್ಲ ಎನ್ನುವವರು ಮಾತ್ರ, “ಏನೋ ಕಾಗದದ ತೊಡಕಂತೆ” ಎಂದು ನಿಟ್ಟುಸಿರು ಬಿಟ್ಟು ಮಾತು ಬದಲಿಸುತ್ತಾರೆ. ಆ ತೊಡಕು ಯಾವುದು, ಅದರಲ್ಲಿ ಊರು ಬಿಟ್ಟು ಬಂದ ನಮ್ಮ ಪಾಲೆಷ್ಟು ಎಂಬುದನ್ನು ತಿಳಿದಮಟ್ಟಿಗೆ ಹೇಳುವುದು ಈ ಲೇಖನದ ಉದ್ದೇಶ. ಕಡತಗಳ ನಡುವೆಯೇ ಹೊಟ್ಟೆ ಹೊರೆಯುವ ಗುಮಾಸ್ತ ನಾನಾದುದರಿಂದ ಕಾಗದದ ತೊಡಕನ್ನು ಕುರಿತು ನಾಲ್ಕು ಮಾತನಾಡುವ ಅಧಿಕಾರ ನನಗುಂಟೆಂದು ಭಾವಿಸಿದ್ದೇನೆ.

ಈ ಎರಡು ಸಾವಿರದ ಮೂಲ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿ. ೨೦೧೯ರ ಫೆಬ್ರವರಿ ೧ರಂದು ಪೀಯೂಷ್ ಗೋಯಲ್ ಅವರು ಮಂಡಿಸಿದ ಮಧ್ಯಂತರ ಮುಂಗಡಪತ್ರದಲ್ಲಿ ಇದರ ಘೋಷಣೆಯಾಯಿತು. ಅದೇ ತಿಂಗಳ ೨೪ರಂದು ಗೋರಖಪುರದಲ್ಲಿ ಹಣ ಬಿಡುಗಡೆಯಾಯಿತು. ವರ್ಷಕ್ಕೆ ಆರು ಸಾವಿರ ರೂಪಾಯಿ, ನಾಲ್ಕು ತಿಂಗಳಿಗೊಮ್ಮೆ ಎರಡು ಸಾವಿರದಂತೆ, ನಡುವೆ ಯಾರ ಕೈಯನ್ನೂ ಹಾಯದೆ ನೇರವಾಗಿ ರೈತನ ಬ್ಯಾಂಕ್ ಖಾತೆಗೆ. ಮೊದಲು ಎರಡು ಹೆಕ್ಟೇರಿನೊಳಗಿನವರಿಗೆ ಮಾತ್ರ ಎಂದಿದ್ದುದನ್ನು ೨೦೧೯ರ ಜೂನ್ ೧ರಿಂದ ಭೂಮಿಯುಳ್ಳ ಎಲ್ಲ ರೈತ ಕುಟುಂಬಗಳಿಗೂ ವಿಸ್ತರಿಸಿದರು. ೨೦೨೦ರ ಜನವರಿ ೨ರಂದು ತುಮಕೂರಿನಲ್ಲಿಯೂ, ೨೦೨೩ರ ಫೆಬ್ರವರಿ ೨೭ರಂದು ಬೆಳಗಾವಿಯಲ್ಲಿಯೂ ಪ್ರಧಾನಿಗಳು ಒಂದೊಂದು ಕಂತನ್ನು ಬಿಡುಗಡೆ ಮಾಡಿದುದು ವಾಚಕರಿಗೆ ನೆನಪಿರಬಹುದು. ೨೦೨೫ರ ನವೆಂಬರ್ ೧೯ರಂದು ಕೊಯಮತ್ತೂರಿನಲ್ಲಿ ಬಿಡುಗಡೆಯಾದುದು ಇಪ್ಪತ್ತೊಂದನೆಯ ಕಂತು. ಅದು ಸುಮಾರು ಒಂಬತ್ತು ಕೋಟಿ ಜನರಿಗೆ ಸಂದಿತು. ಯಡಿಯೂರಪ್ಪನವರ ಸರಕಾರ ೨೦೧೯ರಲ್ಲಿ ರಾಜ್ಯದ ಬೊಕ್ಕಸದಿಂದ ಇದಕ್ಕೆ ವರ್ಷಕ್ಕೆ ನಾಲ್ಕು ಸಾವಿರ ಕೂಡಿಸಿ ಒಟ್ಟು ಹತ್ತು ಸಾವಿರ ಮಾಡಿತ್ತು. ೨೦೨೩ರಲ್ಲಿ ಸರಕಾರ ಬದಲಾದ ಮೇಲೆ ಆ ನಾಲ್ಕು ಸಾವಿರ ನಿಂತುಹೋಯಿತು.

ಆರು ಸಾವಿರವೆಂದರೆ ದಿನಕ್ಕೆ ಹದಿನಾರು ರೂಪಾಯಿ ನಲವತ್ತನಾಲ್ಕು ಪೈಸೆ. ಪೇಟೆಯಲ್ಲಿ ಕುಳಿತು ಈ ಲೆಕ್ಕ ಮಾಡಿ ನಗುವವರನ್ನು ನಾನು ಬಲ್ಲೆ. ಆದರೆ ಒಂದು ಕಂತು ಬಿತ್ತನೆಯ ಹೊತ್ತಿಗೆ ಕೈಸೇರಿತೆನ್ನಿ. ೨೦೨೫ರ ಬೆಲೆಯಲ್ಲಿ ಒಂದು ಚೀಲ ಡಿಎಪಿ, ಎರಡು ಚೀಲ ಯೂರಿಯ ಬಂದು, ನೂರು ಚಿಲ್ಲರೆ ರೂಪಾಯಿ ಉಳಿಯುತ್ತದೆ. ಆ ಮಟ್ಟಿಗೆ ಅಂಗಡಿಯವನ ಸಾಲದ ಪುಸ್ತಕದಲ್ಲಿ ಹೆಸರು ಬರೆಸುವುದು ತಪ್ಪಿತು. ಒಣಬೇಸಾಯದ ಮನೆಯಲ್ಲಿ ಇದು ನಗುವ ಮಾತಲ್ಲ.

ಹಣ ಯಾರಿಗೆ ಸಲ್ಲದು ಎಂಬ ಪಟ್ಟಿಯೂ ಇದೆ. ಆದಾಯ ತೆರಿಗೆ ಕಟ್ಟುವವರು, ಶಾಸಕರು, ಮಂತ್ರಿಗಳು, ವೃತ್ತಿ ನಡೆಸುತ್ತಿರುವ ವೈದ್ಯರು, ವಕೀಲರು, ಇಂಜಿನಿಯರುಗಳು, ತಿಂಗಳಿಗೆ ಹತ್ತು ಸಾವಿರ ಅಥವಾ ಹೆಚ್ಚು ಪಿಂಚಣಿ ಪಡೆಯುವವರು — ಇವರಾರಿಗೂ ಇಲ್ಲ. ಸರಕಾರಿ ನೌಕರರಿಗೂ ಇಲ್ಲ. ನಾಲ್ಕನೆಯ ದರ್ಜೆಯವರಿಗೆ ಮಾತ್ರ ವಿನಾಯಿತಿ. ಎಂದರೆ ನಮ್ಮ ಕಚೇರಿಯ ಜವಾನನಿಗೆ ಊರಿನಲ್ಲಿ ಜಮೀನಿದ್ದರೆ ಸಲ್ಲುತ್ತದೆ, ಅವನ ಪಕ್ಕದ ಮೇಜಿನ ಗುಮಾಸ್ತನಾದ ನನಗೆ ಸಲ್ಲದು. ನಿಯಮ ನ್ಯಾಯವಾದದ್ದೇ, ಸಂಬಳದ ದಿನ ತಪ್ಪದೆ ಬರುವವನಿಗೆ ಮಳೆಯನ್ನು ನಂಬಿದವನ ಹಣವೇಕೆ? ಆದರೂ ಈ ಪಟ್ಟಿಯನ್ನು ಮೀರಿ ಹಣ ಪಡೆದವರು ಬಹಳ ಮಂದಿ. ಸುಮಾರು ೪೨ ಲಕ್ಷ ಅನರ್ಹರಿಗೆ ಮೂರು ಸಾವಿರ ಕೋಟಿಯಷ್ಟು ಹಣ ಹೋಗಿದೆಯೆಂದು ೨೦೨೧ರ ಜುಲೈಯಲ್ಲಿ ಕೇಂದ್ರ ಸರಕಾರವೇ ಸಂಸತ್ತಿಗೆ ತಿಳಿಸಿತು. ಅದಕ್ಕೆ ಮೊದಲು ಮಾಹಿತಿ ಹಕ್ಕಿನ ಅರ್ಜಿಯಿಂದ ಹೊರಬಿದ್ದ ಲೆಕ್ಕದಲ್ಲಿ ಅನರ್ಹರ ಪೈಕಿ ಅರ್ಧಕ್ಕಿಂತ ಹೆಚ್ಚಿನವರು ಆದಾಯ ತೆರಿಗೆ ಕಟ್ಟುವವರಾಗಿದ್ದರು. ಇವರಲ್ಲಿ ಪಟ್ಟಣದಲ್ಲಿದ್ದುಕೊಂಡು ಊರಿನ ಪಹಣಿಯಲ್ಲಿ ಹೆಸರಿಟ್ಟುಕೊಂಡವರು ಎಷ್ಟು ಮಂದಿಯೋ, ಆ ಲೆಕ್ಕವನ್ನು ಯಾರೂ ತೆಗೆದಂತಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಸರಕಾರ ರೈತನನ್ನು ಗುರುತಿಸುವುದು ಹೇಗೆ? ಕೈಯಲ್ಲಿನ ಜಡ್ಡನ್ನು ನೋಡಿ ಅಲ್ಲ, ಪಹಣಿಯನ್ನು ನೋಡಿ. ಒಂದಾನೊಂದು ಕಾಲಕ್ಕೆ ಪಹಣಿಯೆಂದರೆ ಶಾನುಭೋಗರ ಕಬ್ಬಿಣದ ಪೆಟ್ಟಿಗೆಯೊಳಗಿನ ರಹಸ್ಯ. ಈ ಶತಮಾನದ ಆರಂಭಕ್ಕೆ ‘ಭೂಮಿ’ ಯೋಜನೆಯಲ್ಲಿ ಕರ್ನಾಟಕದ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ಹದಿನೈದು ರೂಪಾಯಿಗೆ ಯಾರು ಬೇಕಾದರೂ ಪ್ರತಿ ಪಡೆಯಬಹುದೆಂದು ಮಾಡಿದರು. ದೊಡ್ಡ ಕೆಲಸವೇ ಸರಿ. ಈ ಪಹಣಿಯಲ್ಲಿ ಹಲವು ಕಾಲಮುಗಳಿವೆ. ಒಂಬತ್ತನೆಯದರಲ್ಲಿ ಜಮೀನಿನ ಒಡೆಯನ ಹೆಸರು. ಹನ್ನೆರಡನೆಯದರಲ್ಲಿ ಸಾಗುವಳಿ ಮಾಡುವವನ ಹೆಸರು ಮತ್ತು ಬೆಳೆಯ ವಿವರ. ಹಣದ ಯೋಜನೆಗಳೆಲ್ಲ ನೋಡುವುದು ಒಂಬತ್ತನೆಯದನ್ನು. ಹನ್ನೆರಡನೆಯದರಲ್ಲಿ ಸಾಮಾನ್ಯವಾಗಿ ಒಂಬತ್ತರ ಹೆಸರೇ ಮರುಕಳಿಸಿರುತ್ತದೆ, ಹೊಲದಲ್ಲಿ ಬೇರೆ ಯಾರೇ ಇರಲಿ.

ಒಂದು ಮನೆತನವನ್ನು ಕಲ್ಪಿಸಿಕೊಳ್ಳಿ. ಆರು ಎಕರೆ ಒಣಭೂಮಿ. ಪಹಣಿಯ ಒಂಬತ್ತನೆಯ ಕಾಲಮಿನಲ್ಲಿ ಅಜ್ಜನ ಹೆಸರು. ಅಜ್ಜ ತೀರಿಕೊಂಡು ಕಾಲು ಶತಮಾನ ಕಳೆದಿದೆ. ಹಿರಿಯ ಮಗ ಮುಂಬಯಿಗೆ ಬಂದು ಕ್ಯಾಂಟೀನು ನಡೆಸಿದ, ಎರಡನೆಯವ ಪುಣೆಯ ಕಾರಖಾನೆ ಸೇರಿದ, ಒಬ್ಬ ಮಗಳನ್ನು ಹೈದರಾಬಾದಿಗೆ ಕೊಟ್ಟರು, ಇನ್ನೊಬ್ಬಳು ಪಕ್ಕದ ತಾಲ್ಲೂಕಿನಲ್ಲಿದ್ದಾಳೆ. ಕಿರಿಯ ಮಗ ಊರಿನಲ್ಲುಳಿದು ಆ ಆರು ಎಕರೆಯನ್ನು ಉಳುತ್ತಿದ್ದಾನೆ. ಅಣ್ಣಂದಿರಿಗೆ ವರ್ಷಕ್ಕೊಂದು ಚೀಲ ಜೋಳ, ಸೊಸೆಯಂದಿರಿಗೆ ಒಂದಿಷ್ಟು ಶೇಂಗ ಕಳಿಸುತ್ತಾನೆ. ಎಲ್ಲರೂ ಅನ್ಯೋನ್ಯವಾಗಿದ್ದಾರೆ, ಆದ್ದರಿಂದಲೇ ಯಾರೂ ಖಾತೆ ಬದಲಾಯಿಸುವ ಮಾತೆತ್ತಿಲ್ಲ. ಆ ಮಾತೆತ್ತಿದರೆ ಪಾಲು ಕೇಳಿದಂತಾದೀತು ಎಂಬ ಸಂಕೋಚ. ಸರಕಾರದ ದೃಷ್ಟಿಯಲ್ಲಿ ಈ ಮನೆಯ ರೈತ ಅಜ್ಜನೇ. ಆದರೆ ಹಣ ಬರಬೇಕಾದರೆ ಪಹಣಿಗೆ ಆಧಾರ್ ಜೋಡಿಸಬೇಕು, ‘ಫ್ರೂಟ್ಸ್’ ಎಂಬ ರಾಜ್ಯದ ನೋಂದಣಿಯಲ್ಲಿ ರೈತ ಸಂಖ್ಯೆ ಪಡೆಯಬೇಕು, ಇ-ಕೆವೈಸಿಗೆ ಬೆರಳಚ್ಚನ್ನೋ ಮುಖವನ್ನೋ ತೋರಿಸಬೇಕು. ಅಜ್ಜನ ಬೆರಳನ್ನು ಎಲ್ಲಿಂದ ತರುವುದು?

ಹೀಗೆ, ಉಳುವ ಮಗನಿಗೆ ೨೦೧೯ರಿಂದ ಒಂದು ಕಾಸೂ ಬಂದಿಲ್ಲ. ವರ್ಷಕ್ಕೆ ಆರು ಸಾವಿರದಂತೆ ತಾವೇ ಲೆಕ್ಕ ಹಾಕಿ. ಕರ್ನಾಟಕದಲ್ಲಿ ಸತ್ತವರ ಹೆಸರಿನಲ್ಲಿಯೇ ಉಳಿದಿರುವ ಪಹಣಿಗಳು ಲಕ್ಷಗಟ್ಟಲೆ. ಪಹಣಿಗೆ ಆಧಾರ್ ಜೋಡಿಸುವ ಕೆಲಸ ನಡೆದಾಗ ಇದು ಕಣ್ಣಿಗೆ ಹೊಡೆದು ಕಂಡಿತು. ಕಂದಾಯ ಇಲಾಖೆ ೨೦೨೫ರಲ್ಲಿ ‘ಇ-ಪೌತಿ’ ಎಂಬ ಅಭಿಯಾನವನ್ನೇ ಕೈಗೊಳ್ಳಬೇಕಾಯಿತು.

ಇಲ್ಲಿ ಪೇಟೆಯ ಅಣ್ಣಂದಿರಿಗೆ ಒಂದು ಭಯವಿದೆ. ತಮ್ಮನ ಹೆಸರು ಪಹಣಿಗೆ ಬಂದರೆ ನಮ್ಮ ಹಕ್ಕು ಹೋದೀತೇ ಎಂದು. ಈ ಭಯಕ್ಕೆ ಆಧಾರ ಕಡಮೆ. ಪೌತಿ ಖಾತೆಯೆಂದರೆ ಸತ್ತವರ ಜಾಗದಲ್ಲಿ ವಾರಸುದಾರರೆಲ್ಲರ ಹೆಸರು ಬರುವುದು. ಅದು ವಿಭಾಗವಲ್ಲ, ದಾನವಲ್ಲ. ಖಾತೆಯ ನಮೂದು ಕಂದಾಯದ ಅನುಕೂಲಕ್ಕಾಗಿ, ಅದರಿಂದಲೇ ಒಡೆತನ ಹುಟ್ಟುವುದೂ ಇಲ್ಲ ಅಳಿಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟು ಮೇಲಿಂದ ಮೇಲೆ ಹೇಳಿದೆ. ಅದರ ಮೇಲೆ, ಕಿಸಾನ್ ಸಮ್ಮಾನಿನ ನಿಯಮವೂ ನಾವು ಊಹಿಸುವುದಕ್ಕಿಂತ ಉದಾರವಾಗಿದೆ. ಒಂದೇ ಹಿಡುವಳಿಯಲ್ಲಿ ಹಲವು ಕುಟುಂಬಗಳ ಹೆಸರಿದ್ದರೆ, ಅರ್ಹವಾದ ಒಂದೊಂದು ಕುಟುಂಬಕ್ಕೂ ಬೇರೆಬೇರೆಯಾಗಿ ಆರು ಸಾವಿರ ಸಲ್ಲುತ್ತದೆ. ಕುಟುಂಬವೆಂದರೆ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು. ಅಣ್ಣನ ಹೆಸರು ಇರುವುದರಿಂದ ತಮ್ಮನ ಆರು ಸಾವಿರ ಹಂಚಿಹೋಗುವುದಿಲ್ಲ. ಅಣ್ಣ ತೆರಿಗೆ ಕಟ್ಟುವವನಾದರೆ ಅವನಿಗೆ ಮಾತ್ರ ಇಲ್ಲ.

ಒಂದು ಎಚ್ಚರಿಕೆಯ ಮಾತು. ಯೋಜನೆಯನ್ನು ರೂಪಿಸಿದಾಗಲೇ ೨೦೧೯ರ ಫೆಬ್ರವರಿ ೧ಕ್ಕೆ ಒಂದು ಗೆರೆ ಎಳೆದರು. ಆ ದಿನಕ್ಕೆ ಜಮೀನು ಯಾರ ಹೆಸರಿನಲ್ಲಿತ್ತೋ ಅವರಿಗೆ ಹಣ. ಆಮೇಲೆ ಜಮೀನು ಕೈ ಬದಲಾಯಿಸಿದ್ದರಿಂದ ಹೊಸ ಫಲಾನುಭವಿ ಹುಟ್ಟಬಾರದು, ಒಡೆಯನ ಮರಣದಿಂದ ವಾರಸಿಗೆ ಬಂದದ್ದಾದರೆ ಮಾತ್ರ ಸೇರಿಸಿಕೊಳ್ಳಬೇಕು ಎಂದು. ಆದುದರಿಂದ ಆರು ಸಾವಿರಕ್ಕಾಗಿ ಬದುಕಿರುವ ತಂದೆಯಿಂದ ಅವಸರದಲ್ಲಿ ಪಾಲು ಬರೆಸಿಕೊಳ್ಳುವುದು ಕೆಲಸಕ್ಕೆ ಬಾರದು, ನೋಡುವವರಿಗೆ ಚೆನ್ನಾಗಿಯೂ ಕಾಣದು.

ಆರು ಸಾವಿರವಷ್ಟೇ ಆಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಒಂಬತ್ತನೆಯ ಕಾಲಮಿನ ಹಿಂದೆ ಉಳಿದ ಹಣವೂ ನಿಂತಿದೆ. ೨೦೨೩ರಲ್ಲಿ ಮಳೆ ಕೈಕೊಟ್ಟು ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಿದರು. ಪರಿಹಾರಕ್ಕಾಗಿ ರಾಜ್ಯ ಸರಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು; ೨೦೨೪ರ ಏಪ್ರಿಲ್ ಕೊನೆಯಲ್ಲಿ ಕೇಂದ್ರದಿಂದ ೩,೪೫೪ ಕೋಟಿ ರೂಪಾಯಿ ಬಂತು. ಬೆಳೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ನಷ್ಟವಾಗಿದ್ದರೆ ಒಣಭೂಮಿಗೆ ಹೆಕ್ಟೇರಿಗೆ ೮,೫೦೦, ನೀರಾವರಿಗೆ ೧೭,೦೦೦, ತೋಟಕ್ಕೆ ೨೨,೫೦೦ ರೂಪಾಯಿ, ಎರಡು ಹೆಕ್ಟೇರಿನ ಮಿತಿಗೆ ಒಳಪಟ್ಟು — ಇದು ಆಗಿನ ದರ. ನಮ್ಮ ಆರು ಎಕರೆಯ ಮನೆತನಕ್ಕೆ ಈ ಲೆಕ್ಕದಲ್ಲಿ ಹದಿನೇಳು ಸಾವಿರ ಬರಬಹುದಾಗಿತ್ತು. ಆದರೆ ಈ ಹಣ ಹೋಗುವುದೂ ಫ್ರೂಟ್ಸಿನ ರೈತ ಸಂಖ್ಯೆಗೇ. ಬೆಂಬಲ ಬೆಲೆಗೆ ರಾಗಿ ಮಾರಲು ಅದೇ ಸಂಖ್ಯೆ. ಬರ ಬಂದದ್ದು ಕಿರಿಯ ಮಗನ ಹೊಲಕ್ಕೆ, ಸಾಲ ಏರಿದ್ದು ಅವನ ತಲೆಗೆ. ಪರಿಹಾರ ಮಾತ್ರ ಅಜ್ಜನ ವಿಳಾಸ ಹುಡುಕುತ್ತ ನಿಂತಿತು. ಜಂಟಿ ಖಾತೆಯಾಗಿದ್ದರೆ ಅವರವರ ಪಾಲಿನ ವಿಸ್ತೀರ್ಣಕ್ಕೆ ತಕ್ಕಂತೆ ಹಂಚಿ ಬರುತ್ತಿತ್ತು. ಪೇಟೆಯವರ ಖಾತೆಗೆ ಬಿದ್ದದ್ದನ್ನು ಊರಿಗೆ ಕಳಿಸುವುದು ಅವರವರ ಕೈಯಲ್ಲಿರುತ್ತಿತ್ತು.

ಇಲ್ಲಿಯವರೆಗೆ ಹೇಳಿದ್ದು ರಕ್ತಸಂಬಂಧಿಗಳ ಮಾತು; ಅದಕ್ಕೆ ಪರಿಹಾರವಿದೆ. ಜಮೀನನ್ನು ಊರಿನ ಬೇರೊಬ್ಬರಿಗೆ ಕೋರಿಗೋ ಗುತ್ತಿಗೆಗೋ ಹಚ್ಚಿ ಬಂದವರ ಮಾತು ಇದಕ್ಕಿಂತ ಕಠಿಣ. ಇದನ್ನು ತಿಳಿಯಬೇಕಾದರೆ ದೇವರಾಜ ಅರಸರ ಕಾಲಕ್ಕೆ ಹೋಗಬೇಕು. ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಉಳುವವನೇ ಹೊಲದೊಡೆಯ ಎಂಬ ಘೋಷಣೆಯಂತೆ ಗೇಣಿದಾರರು ಫಾರಂ ನಂಬರ್ ಏಳನ್ನು ತುಂಬಿ ಭೂನ್ಯಾಯಮಂಡಳಿಗಳ ಮುಂದೆ ನಿಂತರು. ಅರ್ಜಿಯ ಕೊನೆಯ ಗಡುವು ೧೯೭೯ರ ಜೂನ್ ೩೦. ಆಗ ಹನ್ನೆರಡನೆಯ ಕಾಲಮಿಗೆ ಇದ್ದ ಬೆಲೆ ಚಿನ್ನಕ್ಕೂ ಇರಲಿಲ್ಲ. ಅಲ್ಲಿ ಹೆಸರಿದ್ದವನು ಒಡೆಯನಾದ. ದಕ್ಷಿಣ ಕನ್ನಡ, ಉತ್ತರ ಕನ್ನಡಗಳ ಎಷ್ಟೋ ಮನೆಗಳು ಇದರಿಂದ ಎದ್ದು ನಿಂತವು. ಎಷ್ಟೋ ಮನೆಗಳು ಜಮೀನು ಕಳೆದುಕೊಂಡು ಮುಂಬಯಿಯ ದಾರಿ ಹಿಡಿದವು. ಎರಡೂ ಬಗೆಯವರು ನಮ್ಮ ನಡುವೆ ಇದ್ದಾರೆ; ಯಾವ ಪಕ್ಷ ಹಿಡಿಯುವುದೂ ನನ್ನ ಕೆಲಸವಲ್ಲ.

ಆದರೆ ಕಾನೂನು ಗೇಣಿಯನ್ನು ಅಳಿಸಿತೇ ಹೊರತು ಗೇಣಿಯ ಅಗತ್ಯವನ್ನು ಅಳಿಸಲಿಲ್ಲ. ಊರು ಬಿಟ್ಟವನಿಗೆ ಉಳುವವ ಬೇಕು. ನೆಲವಿಲ್ಲದವನಿಗೆ ನೆಲ ಬೇಕು. ಸೈನಿಕರು, ನಾವಿಕರು ಇಂಥವರ ಹೊರತು ಜಮೀನನ್ನು ಗೇಣಿಗೆ ಕೊಡಕೂಡದೆಂದು ಕಾನೂನಿದೆಯಾಗಿ ವ್ಯವಹಾರವೆಲ್ಲ ಬಾಯಿಮಾತಿನದಾಯಿತು. ೧೯೭೪ನ್ನು ನೆನೆದು ಒಡೆಯ ಯಾವ ಚೀಟಿಯನ್ನೂ ಬರೆದುಕೊಡುವುದಿಲ್ಲ. ಹನ್ನೆರಡನೆಯ ಕಾಲಮಿನ ಹತ್ತಿರಕ್ಕಂತೂ ಯಾರನ್ನೂ ಬಿಡುವುದಿಲ್ಲ. ಉಳುವವನನ್ನು ಒಡೆಯನನ್ನಾಗಿ ಮಾಡಿದ ಕಾನೂನೇ, ಅದರ ನಂತರ ಹುಟ್ಟಿದ ಉಳುವವನಿಗೆ ಹೆಸರಿಲ್ಲದಂತೆ ಮಾಡಿತು. ಸಮ್ಮಾನದ ಹಣ ಅವನಿಗಿಲ್ಲ, ಬರ ಪರಿಹಾರವಿಲ್ಲ. ರಾಗಿ ಬೆಳೆದರೂ ಮಾರುವುದು ಒಡೆಯನ ಸಂಖ್ಯೆಯ ಮೇಲೆ.

ಇದು ನಮ್ಮ ನಾಡಿನದೇ ದೋಷವೆಂದು ತಿಳಿಯಬೇಕಾಗಿಲ್ಲ. ರೈತನಿಗೆ ಸರಕಾರ ನೇರವಾಗಿ ಹಣ ಕೊಡುವ ಪದ್ಧತಿಯನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿ ನೋಡಿದ ಅಮೆರಿಕೆಯಲ್ಲಿ ಇದೇ ಕಥೆ ಒಮ್ಮೆ ನಡೆದುಹೋಗಿದೆ. ೧೯೩೩ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಸರಕಾರ ಹತ್ತಿಯ ಬೆಲೆ ಏರಿಸಲೆಂದು, ನಿಂತ ಬೆಳೆಯನ್ನು ಉತ್ತು ಹಾಕಿದವರಿಗೆ ಹಣ ಕೊಟ್ಟಿತು. ಸುಮಾರು ಒಂದು ಕೋಟಿ ಎಕರೆ ಹತ್ತಿ ಮಣ್ಣಿಗೆ ಹೋಯಿತು. ಅಲ್ಲಿ ಜಿಲ್ಲೆಗಿಂತ ಚಿಕ್ಕದಾದ ಕೌಂಟಿ ಎಂಬ ವಿಭಾಗವುಂಟು. ಹಣ ಹಂಚುವ ಕೆಲಸ ಕೌಂಟಿಯ ಸಮಿತಿಗಳದಾಗಿತ್ತು, ಹತ್ತಿಯ ಸೀಮೆಯಲ್ಲಿ ಆ ಸಮಿತಿಗಳು ಬಹುಮಟ್ಟಿಗೆ ದೊಡ್ಡ ಜಮೀನುದಾರರ ಕೈಯಲ್ಲಿದ್ದವು. ಚೆಕ್ಕು ಬಂದುದು ಒಡೆಯನ ಹೆಸರಿಗೆ. ಪಾಲಿಗೆ ಉಳುವವನಿಗೆ ಅವನ ಭಾಗ ಕೊಡಬೇಕೆಂದು ಕರಾರಿನಲ್ಲಿತ್ತು, ಕೊಡದವರೇ ಬಹಳ. ಬೆಳೆ ಕಡಮೆಯಾದ ಮೇಲೆ ಇವರೇಕೆ ಎಂದು ಗುಡಿಸಲು ಬಿಡಿಸಿ ಅಟ್ಟಿದವರೂ ಇದ್ದರು. ೧೯೩೪ರ ಜುಲೈಯಲ್ಲಿ ಅರ್ಕನ್ಸಾ ಸಂಸ್ಥಾನದ ಪಾಯಿನ್‌ಸೆಟ್ ಕೌಂಟಿಯ ಟೈರಾನ್ಜಾ ಎಂಬ ಪುಟ್ಟ ಊರಿನಲ್ಲಿ ಹದಿನೆಂಟು ಜನ — ಹನ್ನೊಂದು ಬಿಳಿಯರು, ಏಳು ಕರಿಯರು — ಕೂಡಿ ದಕ್ಷಿಣದ ಗೇಣಿದಾರರ ಸಂಘವನ್ನು ಕಟ್ಟಿದ್ದು ಇದೇ ಕಾರಣದಿಂದ. ಕರಿಯರೂ ಬಿಳಿಯರೂ ಒಂದೇ ಬೆಂಚಿನಲ್ಲಿ ಕೂರದಿದ್ದ ಕಾಲದಲ್ಲಿ ಅವರನ್ನು ಕೂಡಿಸಿದ್ದು ಬೇರೆಯವರ ಹೆಸರಿಗೆ ಬಂದ ಆ ಚೆಕ್ಕು.

ನೆರೆಯ ರಾಜ್ಯಗಳು ಏನು ಮಾಡಿದವು? ಹೈದರಾಬಾದಿನ ನಮ್ಮ ಬಂಧುಗಳು ಬಲ್ಲಂತೆ ತೆಲಂಗಾಣ ೨೦೧೮ರ ಮೇ ತಿಂಗಳಲ್ಲಿ ರೈತು ಬಂಧು ಎಂದು ಎಕರೆಯ ಲೆಕ್ಕದಲ್ಲಿ ಹಣ ಕೊಡತೊಡಗಿತು. ನೂರು ಎಕರೆಯವನಿಗೆ ನೂರು ಪಾಲು, ಗೇಣಿದಾರನಿಗೆ ಸೊನ್ನೆ. ೨೦೨೫ರ ಜನವರಿಯಲ್ಲಿ ಅದನ್ನು ರೈತು ಭರೋಸಾ ಎಂದು ಮಾರ್ಪಡಿಸಿ ಎಕರೆಗೆ ವರ್ಷಕ್ಕೆ ಹನ್ನೆರಡು ಸಾವಿರ ಮಾಡಿದರು. ಮಹಾರಾಷ್ಟ್ರ ೨೦೨೩ರಿಂದ ಕೇಂದ್ರದ ಆರು ಸಾವಿರಕ್ಕೆ ತನ್ನದೊಂದು ಆರು ಸಾವಿರ ಸೇರಿಸಿತು. ಪಟ್ಟಿ ಅದೇ ಪಟ್ಟಿ. ಬೇರೆ ದಾರಿ ಹಿಡಿದವು ಎರಡು. ಒರಿಸ್ಸಾದ ಕಾಲಿಯಾ ಯೋಜನೆ ಪಾಲುಗಾರನನ್ನೂ ನೆಲವಿಲ್ಲದವನನ್ನೂ ಒಳಗೊಂಡಿತು. ಆಂಧ್ರ ೨೦೧೯ರಲ್ಲಿ ಒಂದು ಕಾನೂನು ಮಾಡಿ, ಒಡೆಯನ ಒಪ್ಪಿಗೆಯ ಮೇಲೆ ಉಳುವವನಿಗೆ ಹನ್ನೊಂದು ತಿಂಗಳ ಕಾರ್ಡು ಕೊಡಲು ಏರ್ಪಾಡು ಮಾಡಿತು. ಆ ಕಾರ್ಡಿನಿಂದ ಒಡೆತನದ ಹಕ್ಕು ಬಾರದೆಂದು ಅದರಲ್ಲೇ ಬರೆದರು. ನನ್ನ ಅಭಿಪ್ರಾಯದಲ್ಲಿ ಕರ್ನಾಟಕಕ್ಕೆ ಹೊಂದುವ ದಾರಿ ಇದೇ. ಒಡೆಯನಿಗೆ ಭಯವಿಲ್ಲದಿದ್ದರೆ ಉಳುವವನ ಹೆಸರು ಬರೆಯಲು ಅವನು ಹಿಂಜರಿಯುವುದಿಲ್ಲ.

ವಿಚಿತ್ರವೆಂದರೆ, ಅರ್ಥಶಾಸ್ತ್ರಜ್ಞರು ಹಳೆಯ ಪದ್ಧತಿಯೆಂದು ಮೂಗು ಮುರಿಯುವ ಗೊಬ್ಬರದ ಸಬ್ಸಿಡಿಯೇ ಈ ವಿಷಯದಲ್ಲಿ ಮೇಲು. ಯೂರಿಯದ ೪೫ ಕಿಲೊ ಚೀಲಕ್ಕೆ ರೈತ ಕೊಡುವುದು ಇನ್ನೂರ ಅರವತ್ತೇಳು ರೂಪಾಯಿಯ ಒಳಗೆ. ಉಳಿದುದನ್ನು ಸರಕಾರ ಕಂಪನಿಗೆ ತುಂಬಿಕೊಡುತ್ತದೆ. ಅದರಲ್ಲಿ ಪೋಲೂ ಇದೆ, ಕಳ್ಳಸಾಗಣೆಯೂ ಇದೆ, ನೆಲಕ್ಕೆ ಅತಿಯಾಗಿ ಸುರಿಯುವ ಕೆಡುಕೂ ಇದೆ. ಆದರೂ ಚೀಲ ಹೊತ್ತು ಹೋದವನಿಗೆ ರಿಯಾಯಿತಿ ದಕ್ಕಿತು. ಅವನು ಒಂಬತ್ತನೆಯ ಕಾಲಮಿನಲ್ಲಿದ್ದಾನೆಯೇ ಎಂದು ಅಂಗಡಿಯವ ಕೇಳುವುದಿಲ್ಲ.

ಉಳುವ ಹೆಂಗಸರ ಮಾತನ್ನು ಪ್ರತ್ಯೇಕವಾಗಿಯೇ ಬರೆಯಬೇಕು. ೨೦೧೫–೧೬ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ ಹದಿನಾಲ್ಕು. ಕಳೆ ತೆಗೆಯುವ ಕೈಗಳನ್ನು ಎಣಿಸಿದರೆ ಲೆಕ್ಕ ತಿರುವುಮುರುವಾದೀತು. ಗಂಡ ತೀರಿಕೊಂಡ ಮೇಲೆ ಮಾವನ ಹೆಸರಿನ ಪಹಣಿ ಹಿಡಿದು ನಾಡಕಚೇರಿಯ ಕಟ್ಟೆಯ ಮೇಲೆ ಕುಳಿತ ಅತ್ತಿಗೆಯರು ನಮ್ಮ ನಿಮ್ಮೆಲ್ಲರ ಮನೆತನಗಳಲ್ಲಿಯೂ ಇದ್ದಾರೆ. ಅವರ ಅರ್ಜಿ ಮುಂದುವರಿಯದಿರಲು ಬಹಳ ಸಲ ಕಾರಣ ಲಂಚವೂ ಅಲ್ಲ, ವಿಳಂಬವೂ ಅಲ್ಲ. ಪರಊರಿನಲ್ಲಿರುವ ಮೈದುನ ನಾದಿನಿಯರ ಒಂದು ಸಹಿ.

ಆದುದರಿಂದ ಊರಿಗೆ ಹೋಗುವವರು ಕೆಲವು ಕಾಗದಗಳನ್ನು ಜೊತೆಗೆ ಒಯ್ಯುವುದು ಉಪಯುಕ್ತ. ಮೊದಲು ಪಹಣಿಯ ಪ್ರತಿ. ಅದನ್ನು ಈಗ ಇಲ್ಲಿಂದಲೇ ಕಂಪ್ಯೂಟರಿನಲ್ಲಿ ತೆಗೆಯಬಹುದು. ಒಂಬತ್ತನೆಯ ಕಾಲಮಿನಲ್ಲಿ ಹೆಸರಿದ್ದು ತೀರಿಕೊಂಡವರ ಮರಣ ಪ್ರಮಾಣಪತ್ರ. ಸತ್ತಾಗ ನೋಂದಾಯಿಸದೆ ವರ್ಷ ಮೀರಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುವುದರಿಂದ ಆ ಕೆಲಸವನ್ನು ಮೊದಲೇ ಹಿಡಿಯಬೇಕು. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಡಕೂಡದು. ೨೦೦೫ರ ಹಿಂದೂ ವಾರಸಾ ತಿದ್ದುಪಡಿಯ ಬಳಿಕ ಅವರಿಗೂ ಸಮಪಾಲು ಉಂಟು, ಬಿಟ್ಟ ಹೆಸರು ಮುಂದೆ ದಾವೆಯಾಗಿ ಎದ್ದು ಬರುತ್ತದೆ. ಎಲ್ಲರ ಆಧಾರ್ ಪ್ರತಿ ಮತ್ತು ಸಹಿ. ಸರ್ವೆ ನಂಬರನ್ನು ಒಡೆದು ವಿಭಾಗವನ್ನೇ ಮಾಡಿಕೊಳ್ಳುವುದಾದರೆ ಹನ್ನೊಂದು-ಇ ನಕ್ಷೆ ಬೇಕು. ಅದಕ್ಕೆ ಅಳತೆಯವರು ಬರಬೇಕಾಗಿ ಕಾಲ ಹಿಡಿಯುತ್ತದೆ, ಒಂದು ರಜೆಯಲ್ಲಿ ಮುಗಿಯುವ ಬಾಬಲ್ಲ. ಬರಿಯ ಪೌತಿ ಖಾತೆಗೆ ಅಷ್ಟು ತೊಡಕಿಲ್ಲ. ಗ್ರಾಮ ಆಡಳಿತ ಅಧಿಕಾರಿಯನ್ನು (ನಮ್ಮ ಅಜ್ಜಂದಿರ ಶಾನುಭೋಗರು, ನಮ್ಮ ತಂದೆಯವರ ಕಾಲದ ಗ್ರಾಮಲೆಕ್ಕಿಗರು ಇವರೇ) ಕಂಡು ಕೇಳಿದರೆ ಅಭಿಯಾನದ ವಿಷಯ ತಿಳಿಸುತ್ತಾರೆ. ಖಾತೆಯಾದ ಮೇಲೆ ಉಳುವವನು ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಸಂಖ್ಯೆಗೆ ಜಮೀನನ್ನು ಸೇರಿಸಿಕೊಳ್ಳಬೇಕು. ಇದನ್ನು ಮರೆತರೆ ಹಿಂದಿನದೆಲ್ಲ ವ್ಯರ್ಥ.

ಹಬ್ಬದ ದಿನ ನಾಡಕಚೇರಿ ಮುಚ್ಚಿರುತ್ತದೆ. ದೀಪಾವಳಿಗೆ ಹೋಗುವವರು ಎರಡು ದಿನ ಮುಂಚಿತವಾಗಿಯೇ ರಜೆ ಹಾಕುವುದು ಒಳ್ಳೆಯದು.